ನಮಗ್ಯಾಕ್ರೀ ಊರ ಉಸಾಬರಿ?

ನವೆಂಬರ್ 25 ಬಂತೆಂದರೆ ನಾವು ಗಂಡಸರು ಮಹಿಳೆಯರ ಪರ ನಿಲ್ಲುತ್ತೇವೆ. ನಿಲ್ಲುತ್ತೇವೆ ಎಂದರೆ, ವೇದಿಕೆಯ ಮೇಲೆ ಕೂರುತ್ತೇವೆ. ದೌರ್ಜನ್ಯ ವಿರೋಧಿ ದಿನದ ಫ್ಲೆಕ್ಸಿನಲ್ಲಿ ಹನ್ನೊಂದು ಮುಖ, ಹನ್ನೊಂದಕ್ಕೂ ಮೀಸೆ. ಮಹಿಳೆಯರಿಗೆ ಅವಕಾಶವೇ ಇರಲಿಲ್ಲ ಎನ್ನಬೇಡಿ. ಪ್ರಾರ್ಥನೆ ಹಾಡಿದ್ದು, ದೀಪಕ್ಕೆ ಎಣ್ಣೆ ಹಾಕಿದ್ದು, ಬಿಸ್ಕತ್ತು ಹಂಚಿದ್ದು ಎಲ್ಲ ಅವರೇ. ಕಡ್ಡಾಯವಾಗಿ ಬರಬೇಕೆಂಬ ಸುತ್ತೋಲೆಗೆ ಹೆದರಿ ಬಂದಿದ್ದ ಅಂಗನವಾಡಿ ಕಾರ್ಯಕರ್ತೆಯರು ಎದುರಿಗೆ ಕೂತು, ಹೆಂಡತಿಯನ್ನು ಹೊಡೆಯಬಾರದೆಂಬ ಉಪದೇಶವನ್ನು ಎರಡು ಗಂಟೆ ಕೇಳಿದರು. ಅವರ್ಯಾರೂ ಇನ್ನು ಹೆಂಡತಿಯ ಮೇಲೆ ಕೈ ಮಾಡಲಾರರು.

ಗಣ್ಯರ ಅಂಗಿಗೆ ಬಿಳಿ ರಿಬ್ಬನ್ ಚುಚ್ಚಲಾಯಿತು. 1989ರ ಡಿಸೆಂಬರ್ 6ರಂದು ಕೆನಡಾದ ಮಾಂಟ್ರಿಯಲ್‌ನಲ್ಲಿ ಎಂಜಿನಿಯರಿಂಗ್ ಕಾಲೇಜಿಗೆ ಬಂದೂಕು ಹಿಡಿದು ನುಗ್ಗಿದವನೊಬ್ಬ 14 ಮಹಿಳೆಯರನ್ನು ಕೊಂದ. ಆಮೇಲೆ 1991ರಲ್ಲಿ ಅಲ್ಲಿನ ಗಂಡಸರೇ ಹುಟ್ಟುಹಾಕಿದ ಚಳವಳಿಯ ಗುರುತು ಆ ರಿಬ್ಬನ್. ಅದರ ಪ್ರತಿಜ್ಞೆಯಲ್ಲಿ ಮೂರು ಮಾತಿದೆ: ಹೆಣ್ಣಿನ ಮೇಲೆ ದೌರ್ಜನ್ಯ ಮಾಡುವುದಿಲ್ಲ, ಮಾಡಿದ್ದನ್ನು ಒಪ್ಪುವುದಿಲ್ಲ, ಕಂಡು ಸುಮ್ಮನಿರುವುದಿಲ್ಲ. ಮೊದಲೆರಡನ್ನು ಗಟ್ಟಿಯಾಗಿ ಹೇಳಿದೆವು. ಮೂರನೆಯದರ ಹೊತ್ತಿಗೆ ಮೈಕು ಕೈಕೊಟ್ಟಿತು. ಸರಿ ಮಾಡಲು ಯಾರೂ ಏಳಲಿಲ್ಲ.

ಹಾಗೆ ನೋಡಿದರೆ ಎರಡನೆಯ ಮಾತಿನಲ್ಲೂ ತೊಡಕಿದೆ. ಹೇಳದೆ ಹೊರಗೆ ಹೋದರೆ, ಎದುರು ವಾದಿಸಿದರೆ, ಅಡುಗೆ ಕೆಡಿಸಿದರೆ, ಇಂಥ ಏಳು ಕಾರಣಗಳಲ್ಲಿ ಯಾವುದಕ್ಕಾದರೂ ಹೆಂಡತಿಗೆ ಹೊಡೆಯಬಹುದೇ ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019–21) ಕೇಳಿತ್ತು. ಕರ್ನಾಟಕದ ಗಂಡಸರಲ್ಲಿ ನೂರಕ್ಕೆ ಸುಮಾರು 82 ಮಂದಿ ಒಂದಲ್ಲ ಒಂದು ಕಾರಣಕ್ಕೆ ಹೂಂ ಅಂದರು. ನಮ್ಮ ಹನ್ನೊಂದರಲ್ಲಿ ಒಂಬತ್ತು ಎಂದಾಯಿತು. ಪುಣ್ಯಕ್ಕೆ ಆ ಲೆಕ್ಕ 49 ವರ್ಷದವರೆಗಿನವರದ್ದು. ವೇದಿಕೆಯ ಹಿರಿಯರು ಬಚಾವು. ಹೆಂಗಸರಲ್ಲೂ 77 ಮಂದಿ ಒಪ್ಪಿದ್ದಾರಲ್ಲ ಎಂದು ನಮ್ಮವರು ತಕ್ಷಣ ನೆನಪಿಸುತ್ತಾರೆ. ಸಮೀಕ್ಷೆಯ ಆ ಒಂದು ಸಾಲನ್ನು ಮಾತ್ರ ಎಲ್ಲರೂ ಓದಿರುತ್ತಾರೆ.

2008ರಲ್ಲಿ ‘ಬೆಲ್ ಬಜಾವೊ’ ಜಾಹೀರಾತು ಟಿವಿಯಲ್ಲಿ ಬಂತು. ಪಕ್ಕದ ಮನೆಯಲ್ಲಿ ಹೊಡೆತದ ಸದ್ದು ಕೇಳಿದರೆ ಹೋಗಿ ಬೆಲ್ ಒತ್ತಿ, ಹಾಲು ಬೇಕಿತ್ತು ಅನ್ನಿ, ಎತ್ತಿದ ಕೈ ಅಲ್ಲಿಗೇ ನಿಲ್ಲುತ್ತದೆ ಎಂಬುದು ಅದರ ತಿರುಳು. ನಮಗೆ ತುಂಬಾ ಇಷ್ಟವಾಯಿತು. ಪಕ್ಕದ ಮನೆಯ ಗಲಾಟೆಯಲ್ಲಿ ಸರಿಯಾಗಿ ಕೇಳಿಸದೆ ವಾಲ್ಯೂಮ್ ಜಾಸ್ತಿ ಮಾಡಿ ನೋಡಿದೆವು. ಎದ್ದುಹೋಗೋಣವೆಂದರೆ ಗಾದೆ ಅಡ್ಡ ಬಂತು: ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ. ಅವಳು ಉಂಡಳೋ ಇಲ್ಲವೋ ಎಂದು ವಿಚಾರಿಸಿದವರಿಲ್ಲ.

ಗೆಳೆಯರ ವಾಟ್ಸಾಪ್ ಗ್ರೂಪಿನಲ್ಲಿ, ಬೆಳಿಗ್ಗೆ ರಿಬ್ಬನ್ನಿನ ಡಿಪಿ ಹಾಕಿಕೊಂಡವನೇ ಸಂಜೆ ಹೆಂಡ್ತಿ ಜೋಕು ಫಾರ್ವರ್ಡ್ ಮಾಡಿದ. ಸಾಲುಸಾಲು ನಗುವ ಎಮೋಜಿ. ‘ಇದು ಸರಿಯಿಲ್ಲ ಕಣೋ’ ಎಂದು ಒಬ್ಬ ಟೈಪ್ ಮಾಡಿದ. ಉತ್ತರ ಕ್ಷಣದಲ್ಲಿ ಬಂತು: ‘ಯಾಕ್ ಗುರೂ, ಅತ್ತಿಗೆ ಪಕ್ಕದಲ್ಲಿದ್ದಾರಾ?’

ಪಾಪ, ಗೆಳೆಯರನ್ನೇ ಯಾಕೆ ದೂರಬೇಕು? 2021ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ಮಾಜಿ ಸ್ಪೀಕರ್ ಒಬ್ಬರು ಅತ್ಯಾಚಾರವನ್ನಿಟ್ಟುಕೊಂಡು ಚಟಾಕಿ ಹಾರಿಸಿದಾಗ ಪೀಠದಲ್ಲಿದ್ದ ಸ್ಪೀಕರೇ ನಕ್ಕರು. ಸದನದಲ್ಲಿ ಕ್ಷಮೆ ಮರುದಿನ ಬಂತು. ನಗು ಮಾತ್ರ ಕೂಡಲೇ ಬಂದಿತ್ತು.

‘ನಮಗ್ಯಾಕ್ರೀ ಊರ ಉಸಾಬರಿ, ನಾಳೆ ಕೋರ್ಟು ಕಚೇರಿ ಅಲೆಯೋರು ಯಾರು?’ ಎನ್ನುವವರನ್ನು ಕಾನೂನು ಮೊದಲೇ ಬಲ್ಲದು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ, ದೌರ್ಜನ್ಯ ನಡೆಯುತ್ತಿದೆ ಎಂದು ನಂಬಲು ಕಾರಣವಿರುವ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಸದ್ಭಾವದಿಂದ ತಿಳಿಸಿದವರ ಮೇಲೆ ಸಿವಿಲ್ಲೂ ಇಲ್ಲ, ಕ್ರಿಮಿನಲ್ಲೂ ಇಲ್ಲ. ಗಂಡಸರಿಗೆ ಉಳಿದಿದ್ದ ಒಂದೇ ನೆಪವನ್ನೂ ಕಸಿದುಕೊಂಡ ಇಂಥ ನಿರ್ದಯಿ ಕಾಯ್ದೆ ಇನ್ನೊಂದಿಲ್ಲ.

181 ಸಹಾಯವಾಣಿಯೂ ಇದೆ, ಒತ್ತಬೇಕಾದ್ದು ಮೂರೇ ಅಂಕಿ. ಆದರೆ ಆ ಕರೆಗೆ ಹಾರವಿಲ್ಲ, ಶಾಲಿಲ್ಲ, ಫೋಟೊ ಇಲ್ಲ. ಕರೆ ಮಾಡಿದ ಪ್ರತಿ ಗಂಡಸಿಗೂ ಮೈಸೂರು ಪೇಟ ತೊಡಿಸಲಾಗುವುದೆಂದು ಸರ್ಕಾರ ಒಂದು ಆದೇಶ ಹೊರಡಿಸಲಿ. ಪಕ್ಕದ ಮನೆಯದ್ದಿರಲಿ, ಪಕ್ಕದ ಬೀದಿಯ ಕೂಗೂ ನಮಗೆ ಸ್ಪಷ್ಟವಾಗಿ ಕೇಳಿಸತೊಡಗುತ್ತದೆ.