ಹೆಸರು ಉಪಗ್ರಹಕ್ಕೆ, ಧೂಳು ನನಗೆ

ಈ ತಿಂಗಳೂ ಒಂದು ಸರ್ಕಾರಿ ಪ್ರಾಥಮಿಕ ಶಾಲೆಗೆ ಸ್ಮಾರ್ಟ್ ಬೋರ್ಡ್ ಬಂತು. ಶಾಸಕರು ಟೇಪು ಕತ್ತರಿಸಿದರು, ಬೋರ್ಡಿನ ಮೇಲೆ ಬೆರಳಾಡಿಸಿ ಒಂದು ಆನೆ ಬರೆದರು, ಅದು ಆನೆಯೇ ಎಂದು ಅಧಿಕಾರಿಗಳು ದೃಢಪಡಿಸಿದರು. ಮುಂದಿನ ಕತೆ ನಿಮಗೆಲ್ಲ ಗೊತ್ತಿರುವುದೇ. ಈಗ ಅದಕ್ಕೆ ಹಳೆಯ ಬೆಡ್‌ಶೀಟು ಹೊದಿಸಲಾಗಿದೆ, ಕೀಲಿ ಹೆಡ್‌ಮಾಸ್ಟರ ಬೀರುವಿನಲ್ಲಿದೆ.

ತರಗತಿಯ ಪರದೆಗಳ ಈ ವಂಶದ ಮೂಲಪುರುಷನನ್ನೇ ಮಾತಾಡಿಸೋಣವೆಂದು ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಗೆ ಹೋದೆ. ಜೋಧಪುರ ಟೇಕ್ರಾದ ಇಸ್ರೋ ಕೇಂದ್ರದ ಆಸುಪಾಸಿನ ಒಂದು ಚಹಾ ಕಿಟ್ಲಿಯಲ್ಲಿ ಆಸಾಮಿ ಸಿಕ್ಕಿತು. ಉಪಗ್ರಹದ ಮೂಲಕ ಹಳ್ಳಿಗಳಿಗೆ ಪಾಠ ಕಳಿಸಿದ 1975ರ ಸೈಟ್ ಪ್ರಯೋಗದ ಟಿವಿ. ಹುಟ್ಟಿದ್ದು ಹೈದರಾಬಾದಿನ ಇಸಿಐಎಲ್‌ನಲ್ಲಿ, ದುಡಿದದ್ದು ರಾಯಚೂರು ಜಿಲ್ಲೆಯ ಒಂದು ಹಳ್ಳಿಶಾಲೆಯಲ್ಲಿ. ಪಕ್ಕದ ಬೇವಿನ ಮರಕ್ಕೆ ಅದರ ಆಂಟೆನಾ ಒರಗಿತ್ತು: ಹತ್ತಡಿ ಅಗಲದ, ಕೋಳಿಗೂಡಿನ ತಂತಿಬಲೆಯ ಬೋಗುಣಿ.

*ನಮಸ್ಕಾರ. ತಾವು ಇಷ್ಟು ದೂರ ಬಂದದ್ದು?*

ಅರ್ಜಿ ಕೊಡಾಕ ಬಂದೀನ್ರಿ. ಈ ಬಡಾವಣಿ ಹೆಸರು ಬದಲಿ ಮಾಡ್ರಿ ಅಂತ. ಆಟೋದಂವ ಸ್ಯಾಟಲೈಟ್, ಸ್ಯಾಟಲೈಟ್ ಅಂತ ಒದರೂದು ಕೇಳಿದ್ರ ನನ್ನ ಪಿಕ್ಚರ್ ಟ್ಯೂಬ್ ಉರೀತೈತಿ. ಅಮೆರಿಕಾದ ಆ ಎಟಿಎಸ್-6 ಉಪಗ್ರಹ ಏನು ಮಾಡ್ತು? ಕೀನ್ಯಾ ದೇಶದ ನೆತ್ತಿ ಮ್ಯಾಲೆ, 36,000 ಕಿಲೋಮೀಟರ್ ಎತ್ತರದಾಗ, ತಣ್ಣಗ ಕುಂತಿತ್ತು. ಎರವಲು ಬಂದಂವ. ಒಂದು ವರ್ಷ ಇದ್ದ, ಹೋದ. ಹೆಸರು ಮಾತ್ರ ಅವಂದು.

*ಕ್ಷಮಿಸಿ, ಬಡಾವಣೆಗೆ ಆ ಹೆಸರು ಬಂದದ್ದು ಇಸ್ರೋ ಕೇಂದ್ರದಿಂದ...*

ಅದ ಅಂತೀನ್ರಿ. ಧೂಳು ತಿಂದಂವ ಯಾರು? ನಾನು! ಆರು ರಾಜ್ಯದಾಗ 2,400 ಹಳ್ಳಿ. ಕರ್ನಾಟಕದಾಗ ರಾಯಚೂರು, ಗುಲ್ಬರ್ಗಾ, ಬಿಜಾಪುರ. ಹಿಂದುಳಿದ ಜಿಲ್ಲಾ ಅಂತ ಆರಿಸಿ ಆರಿಸಿ ಕಳಿಸಿದ್ರು. ನಮ್ಮೊಳಗ ಒಬ್ಬ ಮಾತ್ರ ನಸೀಬು ತಂದಂವ. ಕೊಲಂಬೊದಾಗ ವಿಜ್ಞಾನದ ಕತಿ ಬರಿಯೋ ಆರ್ಥರ್ ಕ್ಲಾರ್ಕ್ ಸಾಹೇಬರ ಮನಿಗೆ ಹೋದ, ಸಮುದ್ರದ ಗಾಳಿ ಕುಡಕೋಂತ ಕುಂತ. ನನ್ನ ಪಾಲಿಗೆ ಏಪ್ರಿಲ್ ತಿಂಗಳ ರಾಯಚೂರು.

*ಆಗ ತಮ್ಮ ಜಿಪಿಎಸ್ ಫೋಟೊ ತೆಗೆದು ಅಪ್‌ಲೋಡ್ ಮಾಡುತ್ತಿದ್ದರೇ?*

ಏನಂದ್ರಿ?

*ಹೋಗಲಿ, ಆಮೇಲೆ ಕೇಳುತ್ತೇನೆ. ದಿನಚರಿ ಹೇಗಿತ್ತು?*

ಮುಂಜಾನೆ ಸಾಲಿ ಹುಡುಗುರಿಗೆ ಒಂದೂವರಿ ತಾಸು. ಹಿಂದಿ, ಕನ್ನಡ, ತೆಲುಗು, ಒಡಿಯಾ, ಒಂದೊಂದು ಭಾಷಾಕ್ಕ 22½ ನಿಮಿಷ. ಕನ್ನಡದ ಕಾರ್ಯಕ್ರಮ ಮಾಡತಿದ್ದದ್ದು ಹೈದರಾಬಾದಿನಾಗ. ಅದು ಭೂಮಿಯಿಂದ ಆ ಎರವಲಿನಂವನ ಹತ್ರ ಏರಿ, ಅಲ್ಲಿಂದ ಸೀದಾ ನನ್ನ ಕೋಳಿ ಬಲಿಗೆ ಇಳೀತಿತ್ತು. ನಡುವ ಟವರಿಲ್ಲ, ಕೇಬಲ್ಲಿಲ್ಲ. ಊರ ಮಂದಿ ಬಲಿ ನೋಡಿ, ಮಾಸ್ತರ ಕೋಳಿ ಸಾಕ್ತಾರೇನು ಅಂತ ಕೇಳಿದ್ರು. ಬಾಜು ಮನಿ ಮುದುಕಿ ಅದರ ಮ್ಯಾಲೆ ಹಪ್ಪಳ ಒಣಗಿಸಿದ್ಲು. ಆ ದಿನ ಇಡೀ ವಿಜ್ಞಾನದ ಪಾಠಕ್ಕ ಚಿಕ್ಕಿ ಬಿದ್ದಿದ್ವು.

*ಪ್ರಸಾರ ಶುರುವಾದದ್ದು 1975ರ ಆಗಸ್ಟ್ 1. ತುರ್ತು ಪರಿಸ್ಥಿತಿ ಹೇರಿ ಐದೇ ವಾರ. ಸಂಜೆ ದೊಡ್ಡವರಿಗೆ ಏನೇನು ತೋರಿಸಿದಿರಿ?*

ಸಂಜೀ ವಿಷಯ ಬಿಡ್ರಿ. ಉಪಗ್ರಹದ ಮಾತು ಮುಗಿದಿಲ್ಲ.

*ಇಪ್ಪತ್ತು ಅಂಶಗಳ ಕಾರ್ಯಕ್ರಮ...*

ಹಪ್ಪಳದ ಮಾತೂ ಮುಗಿದಿಲ್ಲ.

*ಸರಿ. ತಮ್ಮಿಂದ ಶಾಲೆಯ ಹಾಜರಿಯೇನೂ ಏರಲಿಲ್ಲವೆಂದು ಪ್ರಯೋಗದ ವರದಿಗಳೇ ಹೇಳುತ್ತವೆ.*

ಏರಲಿಲ್ರಿ. ಎಮ್ಮಿ ಕಾಯೋ ಹುಡುಗನ್ನ ನಾ ಹೆಂಗ ಸಾಲಿಗೆ ಎಳೀಲಿ? ಬಂದ ಹುಡುಗುರು ಮಾತು ಕಲಿತ್ರು, ಅದನ್ನೂ ಅದ ವರದಿ ಹೇಳ್ತೈತಿ. ಸುಮಾರು 50,000 ಮಾಸ್ತರರಿಗೆ ವಿಜ್ಞಾನ ಕಲಿಸೋ ತರಬೇತಿನೂ ಆತು. ಇನ್ನೊಂದು ಕೇಳ್ರಿ. ಏನೂ ಏರಲಿಲ್ಲ ಅಂತ ಬರದವ್ರು ಊರಾಗ ಬಂದು ಕುಂತು ಬರದ್ರು. ಏನು ನೋಡಿದ್ರಿ, ಏನು ತಿಳೀತು ಅಂತ ಕೇಳಾಕ ಮನುಷ್ಯಾರು ಇದ್ರು. ನಿಮ್ಮ ಬೋರ್ಡಿಗೆ ಹಂಗ ಕೇಳಾವ್ರು ಅದಾರೇನು?

*ಕೇಳುವವರಿಲ್ಲ, ಫೋಟೊ ತೆಗೆಯುವವರಿದ್ದಾರೆ. ಆ ವಿಷಯಕ್ಕೇ ಬರುತ್ತಿದ್ದೆ. ಮೊಟ್ಟೆ ಕೊಟ್ಟ ಫೋಟೊ, ಶೂ ಹಾಕಿಸಿದ ಫೋಟೊ, ಸಸಿ ನೆಟ್ಟ ಫೋಟೊ. ನನ್ನ ಪರಿಚಯದ ಮೇಷ್ಟ್ರೊಬ್ಬರು ಕೈತೊಳೆಯುವ ದಿನಾಚರಣೆಗೆ ನಲಿಕಲಿ ಮಕ್ಕಳನ್ನು ನಲ್ಲಿ ಮುಂದೆ ಸಾಲಾಗಿ ನಿಲ್ಲಿಸಿ, ಅಂಗೈಗೆ ಸೋಪು ಹಚ್ಚಿಸಿದರು. ಫೋನಿಗೆ ಜಿಪಿಎಸ್ ಸ್ಥಳ ಸಿಗುತ್ತಿಲ್ಲ. ಮೇಷ್ಟ್ರು ಕಾಂಪೌಂಡ್ ಹತ್ತಿದರು, ಇಳಿದರು, ಫೋನನ್ನು ಆರತಿಯಂತೆ ಬೆಳಗಿದರು. ಅಷ್ಟರಲ್ಲಿ ನೊರೆ ಒಣಗಿ ಅಂಗೈ ಬಿರುಕುಬಿಟ್ಟು ಒಂದು ಮಗು ಅಳತೊಡಗಿತು. ಸ್ಥಳ ಸಿಕ್ಕಿತು, ಫೋಟೊ ಬಂತು, ಅಳುವ ಮಗುವನ್ನು ಕತ್ತರಿಸಿ ಕಳಿಸಿದರು. ಇಲ್ಲೇ ಹತ್ತಿರದ ಗಾಂಧಿನಗರದಲ್ಲಿ ಶಾಲೆಗಳ ಮೇಲೆ ಕಣ್ಣಿಡುವ ವಿದ್ಯಾ ಸಮೀಕ್ಷಾ ಕೇಂದ್ರವೆಂಬುದಿದೆ. ಗೋಡೆ ತುಂಬ ಪರದೆ. 2022ರಲ್ಲಿ ಪ್ರಧಾನಿಯೇ ಬಂದು ನೋಡಿ ಹೋದರು. ತಮ್ಮ ಕಾಲದಲ್ಲಿ ಮಕ್ಕಳು ಪರದೆ ನೋಡುತ್ತಿದ್ದರು, ಈಗ ಪರದೆಯೇ ಮೇಷ್ಟ್ರನ್ನು ನೋಡುತ್ತದೆ. ತಾವೇ ಹೇಳಿ, ಒಬ್ಬ ಮನುಷ್ಯ ಪಾಠ ಮಾಡಬೇಕೋ, ಫೋಟೊ...*

ಸಂದರ್ಶನ ನಂದೋ ನಿಮ್ಮದೋ?

*ತಮ್ಮದೇ. ಚಹಾ ತಗೊಳ್ಳಿ. ಆಮೇಲಿನ ಸಂತಾನದ ಬಗ್ಗೆ ಹೇಳಿ.*

2004ರ ಸೆಪ್ಟೆಂಬರ್ 20ಕ್ಕ ಎಜುಸ್ಯಾಟ್ ಹಾರಿಸಿದ್ರು. ಬರೇ ಶಿಕ್ಷಣಕ್ಕ ಅಂತ. ನಿಮ್ಮ ಚಾಮರಾಜನಗರದ 885 ಪ್ರಾಥಮಿಕ ಸಾಲಿಗೆ ನಮ್ಮ ಮೊಮ್ಮಕ್ಕಳು ಹೋದ್ರು. 2010ಕ್ಕ ಆ ಉಪಗ್ರಹಾನೂ ತೀರ್ತು. ನೋಡ್ರಿ, ಮತ್ತ ಉಪಗ್ರಹದ್ದ ಹೆಸರು! ಎಷ್ಟು ಟಿವಿ ಕೆಟ್ಟು ಮೂಲಿ ಸೇರಿದ್ವು, ಪೇಪರಿನ್ಯಾಗ ಬಂತೇನು?

*ತಾವು ಕೆಟ್ಟರೆ?*

ಜೀಪಿನ್ಯಾಗ ಮೆಕ್ಯಾನಿಕ್ ಬರ್ತಿದ್ದ. ಬಿಡಿ ಸಾಮಾನು ಮೊದಲ ತಂದಿಟ್ಟಿದ್ರು. ನನ್ನ ಬೆನ್ನಿನ ಮುಚ್ಚಳ ಬಿಚ್ಚಿ, ಬಾಯಾಗ ಸ್ಕ್ರೂ ಹಿಡಕೊಂಡ, ಒಳಗ ಹಲ್ಲಿ ಸತ್ತೈತ್ರಿ ಮಾಸ್ತರ ಅಂತಿದ್ದ. ಹುಡುಗುರಿಗೆ ಟಿವಿಕಿಂತ ಅಂವಾ ಭಾಳ ಸೇರತಿದ್ದ. ಖರ್ಚು ಸರ್ಕಾರದ್ದು. ನಾ ಸರ್ಕಾರದ ಮಾಲು, ನನ್ನ ಬ್ಯಾನಿಗೆ ಸರ್ಕಾರದ ಔಷಧ. ಆದ್ರ ನೀವು ಮುಖ್ಯದ್ದು ಕೇಳಲಿಲ್ಲ. 2020ರಾಗ ನನ್ನ ಯಾಕ ಕರೀಲಿಲ್ರಿ?

ಇದಕ್ಕೆ ನನ್ನಲ್ಲಿ ಚುರುಕಾದ ಉತ್ತರವಿರಲಿಲ್ಲ. ಕೊರೊನಾ ಬಂದು 2020ರ ಮಾರ್ಚ್‌ನಲ್ಲಿ ಮುಚ್ಚಿದ ಒಂದರಿಂದ ಐದನೇ ತರಗತಿ ಕರ್ನಾಟಕದಲ್ಲಿ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಟಿವಿಯ ಚಂದನ ವಾಹಿನಿಯಲ್ಲಿ ಸಂವೇದ ಪಾಠ ಮೊದಲು ಸಿಕ್ಕಿದ್ದು ಹೈಸ್ಕೂಲಿನವರಿಗೆ. ಮೇಷ್ಟ್ರುಗಳು ಗುಡಿ ಕಟ್ಟೆ, ಮರದ ನೆರಳು ಹುಡುಕಿಕೊಂಡು ಹೋಗಿ ನಡೆಸಿದ ವಿದ್ಯಾಗಮವನ್ನು 2020ರ ಅಕ್ಟೋಬರ್‌ನಲ್ಲಿ ನಿಲ್ಲಿಸಿದರು. ಸೋಂಕಿನ ಭಯ, ಒಪ್ಪೋಣ. ಉಳಿದವರಿಗೆ ಏನು ಹೇಳಿದೆವು? ಪಾಠ ಫೋನಿನಲ್ಲಿ ಬರುತ್ತದೆ, ಫೋನು ನೀವು ತನ್ನಿ. ಕೂಲಿ ನಿಂತುಹೋದ ಮನೆಗೆ ಹೇಳಿದ ಮಾತು ಇದು. ಸಾಲ ಮಾಡಿ ತಂದರು. ತಂದ ಮನೆಗಳಲ್ಲಿ ಅದು ಅಪ್ಪನ ಜೇಬಿನಲ್ಲಿ ಕೆಲಸಕ್ಕೆ ಹೋಯಿತು, ರಾತ್ರಿ ಬಂದಾಗ ಮೊದಲ ಪಾಳಿ ಅಣ್ಣನದು, ತಂಗಿಯ ಸರದಿಗೆ ಡೇಟಾ ಖಾಲಿ. ಮಾರ್ಚ್‌ನಲ್ಲಿ ಎರಡನೇ ತರಗತಿಯಲ್ಲಿದ್ದ ಹುಡುಗಿ ಮತ್ತೆ ಶಾಲೆಯ ಕೋಣೆಯಲ್ಲಿ ಕೂತದ್ದು ನಾಲ್ಕನೇ ತರಗತಿಗೆ. ನಡುವಿನ ಮೂರನೇ ತರಗತಿಯನ್ನು ಯಾರೋ ನುಂಗಿದರು, ಒಬ್ಬರೂ ವಾಪಸು ಕೊಡಲಿಲ್ಲ. ಊರಿಗೊಂದು ಟಿವಿ ಇಟ್ಟು, ಅದರ ಹೊಣೆ ನಮ್ಮದು ಎಂದಿದ್ದು ಬಡ ಭಾರತ. ಅದಾಗಿ 45 ವರ್ಷಕ್ಕೆ ಅದೇ ಹೊಣೆಯನ್ನು ಎರಡನೇ ತರಗತಿಯ ಹುಡುಗಿಯ ಅಪ್ಪನ ಹೆಗಲಿಗೆ ದಾಟಿಸಿ, ಅದನ್ನು ಡಿಜಿಟಲ್ ಕ್ರಾಂತಿ ಎಂದು ಕರೆದೆವು. ನಾಚಿಕೆಯಾಗಬೇಕು.

ಟಿವಿ ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ತಾನೇ ಪ್ರಶ್ನೆ ಕೇಳಲು ಶುರುಮಾಡಿತು.

ನಿಮ್ಮ ಆ ಬೆಡ್‌ಶೀಟಿನ ಬೋರ್ಡು. ಅದಕ್ಕ ವಾರಂಟಿ ಎಷ್ಟು ವರ್ಷ?

*ಮೂರು ವರ್ಷ ಎಂದರು.*

ಆಮ್ಯಾಲೆ ಕೆಟ್ರ?

*ಎಸ್‌ಡಿಎಂಸಿಯವರು ನೋಡಿಕೊಳ್ಳಬೇಕಂತೆ.*

ಎಸ್‌ಡಿಎಂಸಿ ಅಂದ್ರ ಯಾರ್ರಿ? ಕಂಪನಿಯೇನು?

*ಅಲ್ಲ. ಮಕ್ಕಳ ಅಪ್ಪ-ಅಮ್ಮಂದಿರು.*

ಫೋನಿಗೆ ಸಾಲ ಮಾಡಿದ್ರಲ್ಲ, ಅವರ?

*ಅವರೇ.*