ಟೈಮಿಂಗ್ ಚೈನ್ ಬದಲಿಸಿ ಕೂತವರಿಗೆ ಕೈಪಿಡಿ

ಹಳೆಯ 100 ಸಿಸಿ ಬೈಕಿಗೆ ಮನೆಯಂಗಳದಲ್ಲೇ ಹೊಸ ಟೈಮಿಂಗ್ ಚೈನ್ ಹಾಕಿ, ಗಾಡಿ ಸ್ಟಾರ್ಟ್ ಆಗದೆ ಕೂತವರು ಇದನ್ನು ಓದಬೇಕು. ಬೇಕಾಗುವ ಸಾಮಾನು: ಸ್ಪ್ಯಾನರ್ ಸೆಟ್, ಟಾರ್ಚ್, ಫೀಲರ್ ಗೇಜ್, ಕಾಂಪೌಂಡ್ ಗೇಟಿಗೊಂದು ಬೀಗ.

ಎಚ್ಚರಿಕೆ: ಕಿಕ್ ಹೊಡೆಯಬೇಡಿ. ಹೊಡೆದಾಗಿದೆಯೇ? ಆಗಿರುತ್ತದೆ, ಬಿಡಿ. ಕಾಲಿಗೆ ಬಿಗಿಯೇ ಸಿಗದೆ ಕಿಕ್ಕರ್ ಜಾರಿದರೆ ಕಂಪ್ರೆಷನ್ ಇಲ್ಲ. ಕಾರ್ಬ್ಯುರೇಟರಿನೊಳಗೆ ‘ಫಟ್’ ಎಂದರೆ ವಾಲ್ವು ಹೊತ್ತಲ್ಲದ ಹೊತ್ತಿನಲ್ಲಿ ಬಾಯಿ ತೆರೆದಿರಬಹುದು. ಎರಡಕ್ಕೂ ಮೊದಲ ಅನುಮಾನ ಚೈನಿನ ಮೇಲೆಯೇ ಇರಲಿ. ನಿನ್ನೆಯವರೆಗೆ ಓಡಿದ ಗಾಡಿಯ ಪ್ಲಗ್ಗು, ಕಾಯಿಲ್ಲು, ಪೆಟ್ರೋಲು ಎಲ್ಲವೂ ನೀವು ಹೆಡ್ ಬಿಚ್ಚಿದ ಮುಹೂರ್ತ ನೋಡಿಕೊಂಡು ಒಟ್ಟಿಗೆ ಕೆಡುವುದಿಲ್ಲ.

ಪಕ್ಕದ ಮನೆಯವರು ಇದನ್ನು ಒಪ್ಪುವುದಿಲ್ಲ. ‘ಪ್ಲಗ್ ಕ್ಲೀನ್ ಮಾಡಿ ಸಾರ್’ ಎನ್ನುತ್ತಾರೆ, ಮಾಡಿದರೆ ನಷ್ಟವಿಲ್ಲ. ಪೇಪರ್ ಹಾಕುವ ಹುಡುಗ ಮಾತ್ರ ‘ತಳ್ಳಿ ಸ್ಟಾರ್ಟ್ ಮಾಡೋಣ ಅಂಕಲ್’ ಎಂದು ಆಗಲೇ ಹಿಂದೆ ಕೈ ಹಚ್ಚಿರುತ್ತಾನೆ. ಚೈನ್ ಬಹಳ ಹಲ್ಲು ತಪ್ಪಿದ್ದರೆ ಪಿಸ್ಟನ್ ಗುದ್ದಿ ವಾಲ್ವು ಬಾಗಬಹುದು. ಬೀಗ ಹಾಕುವ ಸಮಯ ಇದು.

ಈಗ ಪ್ಲಗ್ ಬಿಚ್ಚಿಟ್ಟು, ಮ್ಯಾಗ್ನೆಟ್ಟನ್ನು ಸ್ಪ್ಯಾನರ್ ಹಾಕಿ ಎಂಜಿನ್ ತಿರುಗುವ ದಿಕ್ಕಿಗೇ ಮೆಲ್ಲಗೆ ತಿರುಗಿಸಿ. ಎಲ್ಲಾದರೂ ತಡೆದರೆ ಅಲ್ಲೇ ನಿಲ್ಲಿಸಿ, ಬಲ ಬೇಡ. ಮ್ಯಾಗ್ನೆಟ್ಟಿನ ಮೇಲೆ ‘ಎಫ್’, ‘ಟಿ’ ಎಂದು ಎರಡು ಗುರುತಿವೆ. ‘ಎಫ್’ ಕಿಡಿಗೆ ಸಂಬಂಧಿಸಿದ್ದು. ನಮಗೆ ಬೇಕಾದ್ದು ‘ಟಿ’, ಪಿಸ್ಟನ್ ತುದಿ ಮುಟ್ಟುವ ಜಾಗ. ಅವಸರದಲ್ಲಿ ‘ಎಫ್’ಗೆ ಚೈನ್ ಕೂರಿಸಿದ ಪುಣ್ಯಾತ್ಮರು ಊರಿಗೊಬ್ಬರಾದರೂ ಇದ್ದಾರೆ. ‘ಟಿ’ ಕೇಸಿನ ಗೆರೆಗೆ ಬಂದಾಗ ಕ್ಯಾಮ್ ಸ್ಪ್ರಾಕೆಟ್ಟಿನ ಗುರುತು ಹೆಡ್ಡಿನ ಗುರುತಿಗೆ ಎದುರಾಗಬೇಕು. ಆಗದಿದ್ದರೆ ಇನ್ನೊಂದು ಸುತ್ತು ತಿರುಗಿಸಿ. ಕ್ರ್ಯಾಂಕ್ ಎರಡು ಸುತ್ತು ಬಂದರೆ ಕ್ಯಾಮ್ ಬರುವುದು ಒಂದೇ ಸುತ್ತು. ಆಗಲೂ ‘ಹೆಚ್ಚುಕಡಿಮೆ ಸರಿ ಇದೆ’ ಅನ್ನಿಸಿದರೆ ಸರಿ ಇಲ್ಲ. ಕ್ಯಾಮ್ ಸ್ಪ್ರಾಕೆಟ್ಟಿಗೆ 36 ಹಲ್ಲೆಂದು ಇಟ್ಟುಕೊಳ್ಳಿ: ಒಂದು ಹಲ್ಲು ತಪ್ಪಿದರೆ ಕ್ಯಾಮ್ 10 ಡಿಗ್ರಿ ಆಚೀಚೆ, ಕ್ರ್ಯಾಂಕಿನ ಲೆಕ್ಕದಲ್ಲಿ 20. ಬಿಚ್ಚಿ, ಮತ್ತೆ ಕೂರಿಸಿ. ಟೆನ್ಷನರನ್ನೂ ನೋಡಿ, ಅದು ಸಡಿಲವಿದ್ದರೆ ಸರಿಯಾಗಿ ಕೂತ ಚೈನೂ ಹಲ್ಲು ಹಾರುತ್ತದೆ.

ಸ್ಟಾರ್ಟ್ ಆಯಿತು, ಆದರೆ ಮೇಲೆ ಟಕಟಕ ಸದ್ದು? ‘ಟಿ’ ಎರಡು ಸಲ ಬರುತ್ತದೆಂಬುದನ್ನು ಮರೆತು ಟ್ಯಾಪೆಟ್ ಹೊಂದಿಸಿದ್ದೀರಿ. ಎರಡೂ ರಾಕರ್ ಕೈಗೆ ಸಡಿಲವಾಗಿ ಸಿಗುವ ‘ಟಿ’ಯಲ್ಲೇ ಗೇಜ್ ಹಾಕಬೇಕು, ಅದೂ ಎಂಜಿನ್ ತಣ್ಣಗಿದ್ದಾಗ. ತಣ್ಣಗಾಗುವ ತನಕ ಬಟ್ಟೆಸೋಪಿನ ಪುಡಿಯಲ್ಲಿ ಕೈ ತೊಳೆದುಕೊಳ್ಳಿ. ಮನೆಯವರ ಟವೆಲ್ಲಿಗೆ ಒರೆಸಬೇಡಿ. ಆ ರಿಪೇರಿ ಈ ಕೈಪಿಡಿಯ ವ್ಯಾಪ್ತಿಗೆ ಬರುವುದಿಲ್ಲ.