ಹಳೆಯ ವಿದ್ಯಾರ್ಥಿಗಳ ಕ್ಷೇಮಸಮಾಚಾರ ಮೀಮಾಂಸೆ

ಪೀಠಿಕೆ: ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ಕಾಲೇಜು ಬಿಟ್ಟು ನಲವತ್ತು ವರ್ಷ ದಾಟಿದವರು ಪರಸ್ಪರ ಸುದ್ದಿ ಮುಟ್ಟಿಸುವ ಪದ್ಧತಿ ಮೊಬೈಲ್ ಬಂದ ಮೇಲೆ ಹುಟ್ಟಿದ್ದೆಂದು ಕೆಲವು ಅರ್ವಾಚೀನರ ಮತ. ಈ ಮತ ಗ್ರಾಹ್ಯವಲ್ಲ. ವಿರುದ್ಧ ಪ್ರಮಾಣ ಕಲ್ಲಿನಲ್ಲೇ ಇದೆ.

ಆಕರ: ತಾಳಗುಂದದ ಪ್ರಣವೇಶ್ವರ ದೇವಾಲಯದೆದುರು ಐದನೆಯ ಶತಮಾನದ ಶಾಸನಸ್ತಂಭವೊಂದು ನಿಂತಿದೆ. ಇತಿಹಾಸಕಾರರು ಅದನ್ನು ಕದಂಬರ ವಂಶಚರಿತ್ರೆಯೆಂದು ಓದಿದರು. ನಮ್ಮ ಪ್ರಕಾರ ಅದು ಈ ಸೀಮೆಯ ಮೊದಲ ಹಳೆಯ ವಿದ್ಯಾರ್ಥಿ ಸಮಾಚಾರ. ಒಕ್ಕಣೆಯನ್ನೇ ನೋಡಿ. ಮಯೂರಶರ್ಮ ಗುರು ವೀರಶರ್ಮನೊಡನೆ ಕಂಚಿಯ ಘಟಿಕೆಗೆ ಓದಲು ಹೋದ. ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಜಗಳವಾಯಿತು. ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದ, ರಾಜನಾದ. ಕೋರ್ಸು ಮುಗಿಯಿತೇ ಎಂಬುದನ್ನು ಶಾಸನ ಜಾಣತನದಿಂದ ಬಿಟ್ಟಿದೆ. ದೊಡ್ಡ ಹುದ್ದೆಗೇರಿದವರ ಅಂಕಪಟ್ಟಿಯನ್ನು ಇಂದಿಗೂ ಯಾರೂ ಕೇಳುವುದಿಲ್ಲ. ಮುಂದೆ ಅದೇ ವಂಶದ ಕಾಕುಸ್ಥವರ್ಮ ಹೆಣ್ಣುಮಕ್ಕಳನ್ನು ಗುಪ್ತರೇ ಮೊದಲಾದ ರಾಜಮನೆತನಗಳಿಗೆ ಕೊಟ್ಟ ಸುದ್ದಿ, ಆಮೇಲೆ ಕೆರೆ ಕಟ್ಟಿಸಿದ ಸುದ್ದಿ. ಕಾಲೇಜಿನ ಗಲಾಟೆ, ಹುದ್ದೆ, ಮಗಳಿಗೆ ಕೂಡಿಬಂದ ದೊಡ್ಡ ಸಂಬಂಧ, ಊರಿಗೆ ಕೊಟ್ಟ ದೇಣಿಗೆ: ಇವತ್ತಿನ ವಾಟ್ಸಾಪ್ ಗುಂಪಿನಲ್ಲೂ ಕ್ರಮ ಇದೇ.

ವರ್ಗೀಕರಣ: ಶಿವಮೊಗ್ಗ ಮಂಡಿಯ ಅಡಿಕೆಯಂತೆ ಸಮಾಚಾರವೂ ನಾಲ್ಕು ವಿಧ. ‘ಸರಕು’ ಎಂದರೆ ಮಗನ ಅಮೆರಿಕ, ಮೊಮ್ಮಗುವಿನ ಫೋಟೊ. ಆವಕ ಕಡಿಮೆ, ಧಾರಣೆ ಹೆಚ್ಚು. ‘ಬೆಟ್ಟೆ’ ಎಂದರೆ ಸಕ್ಕರೆ, ಬಿಪಿ, ಬದಲಾಯಿಸಿದ ಮಂಡಿಚಿಪ್ಪು. ಒಬ್ಬರು ಇಳಿಸಿದರೆ ಸಾಕು, ಎಲ್ಲರ ಮನೆಯಿಂದಲೂ ಬರುತ್ತದೆ. ‘ರಾಶಿ’ ಎಂದರೆ ಶುಭೋದಯ. ‘ಗೊರಬಲು’ ಎಂದರೆ ರಾಜಕೀಯ. ಸೊರಬ ಕ್ಷೇತ್ರದಿಂದ ಎಸ್. ಬಂಗಾರಪ್ಪ, ಶಿಕಾರಿಪುರದಿಂದ ಬಿ.ಎಸ್. ಯಡಿಯೂರಪ್ಪ ಮುಖ್ಯಮಂತ್ರಿಗಳಾದ ಕಾರಣ, ಇಲ್ಲಿನ ಯಾವ ಬ್ಯಾಚಿನಲ್ಲೂ ಅಡ್ಮಿನ್ ಸ್ಥಾನ ಅವಿರೋಧವಾಗಿ ಭರ್ತಿಯಾಗುವುದಿಲ್ಲ.

ಪೂರ್ವಪಕ್ಷ: ಗುಂಪಿನಲ್ಲಿ ವಿದ್ಯೆಯ ಮಾತೇ ಇಲ್ಲ, ಬರೀ ಊಟ, ಹಾಡು, ಮನೆಮದ್ದು ಎಂಬ ಆಕ್ಷೇಪವುಂಟು. ಸಮಾಧಾನ: ಬಳ್ಳಿಗಾವಿಯ ಕೋಡಿಮಠವನ್ನು ವರ್ಣಿಸುವ 1162ರ ಶಾಸನ ವೇದ, ವ್ಯಾಕರಣ, ದರ್ಶನಗಳ ಪಾಠದ ಬೆನ್ನಿಗೇ ಅನ್ನದಾನವನ್ನೂ ರೋಗಿಗಳ ಚಿಕಿತ್ಸೆಯನ್ನೂ ಹೇಳುತ್ತದೆ, ಉಣ್ಣುವವರಲ್ಲಿ ಹಾಡುವವರಿಗೂ ಪಾಲುಂಟು. ನಮ್ಮ ಗುಂಪುಗಳು ಆ ಪರಂಪರೆಯನ್ನು ಇಡಿಯಾಗಿ ಮುಂದುವರಿಸಿವೆ. ವ್ಯಾಕರಣ ವಿಭಾಗವೊಂದನ್ನು ಮಾತ್ರ ಮುಚ್ಚಲಾಗಿದೆ.

ಸಂಪ್ರದಾಯಭೇದ: ಪುನರ್ಮಿಲನ ಎಲ್ಲಿ ಎಂಬಲ್ಲಿ ಎರಡು ಪಂಥಗಳಿವೆ. ಶಿಕಾರಿಪುರ ಪಂಥ ಹುಚ್ಚರಾಯಸ್ವಾಮಿ ದರ್ಶನ ಮುಗಿಸಿ ಅಂಜನಾಪುರ ಜಲಾಶಯ ಎನ್ನುತ್ತದೆ. ಸೊರಬ ಪಂಥ ಚಂದ್ರಗುತ್ತಿ ಎನ್ನುತ್ತದೆ, ಮಂಡಿಚಿಪ್ಪಿನವರು ಬೆಟ್ಟ ನೆನೆದು ಗುಡವಿ ಎನ್ನುತ್ತಾರೆ. ದಿನಾಂಕದ ಪ್ರಶ್ನೆ ಇನ್ನೂ ಜಟಿಲ. ಮಳೆಗಾಲದಲ್ಲಿ ನಾಟಿ, ಆಮೇಲೆ ಅಡಿಕೆ ಕೊಯ್ಲು, ಕೊಯ್ಲು ಮುಗಿದರೆ ಮದುವೆಗಳು. ಗುಡವಿ ಕೆರೆಗೆ ಹಕ್ಕಿಗಳು ಪ್ರತಿ ಮಳೆಗಾಲ ತಪ್ಪದೆ ಬಂದು ಸೇರುತ್ತವೆ. ಅವುಗಳಿಗೆ ಗುಂಪೂ ಇಲ್ಲ, ಅಡ್ಮಿನ್ನೂ ಇಲ್ಲ ಎಂಬುದು ಗಮನಾರ್ಹ.

ಸಿದ್ಧಾಂತ: ಸುದ್ದಿ ಮಾಡುವವನು ಬೇರೆ, ಸುದ್ದಿ ಇಡುವವನು ಬೇರೆ. ತಾಳಗುಂದದ ಕಾವ್ಯವನ್ನು ರಚಿಸಿ, ತಾನೇ ಕಲ್ಲಿಗಿಳಿಸಿದವನು ಕುಬ್ಜನೆಂಬ ಕವಿ. ಅವನ ಮಗಳು ಯಾವ ಮನೆ ಸೇರಿದಳೋ, ಅವನ ಮಂಡಿ ಹೇಗಿತ್ತೋ, ಒಂದು ಅಕ್ಷರವಿಲ್ಲ. ಪ್ರತಿ ಬ್ಯಾಚಿಗೂ ಇಂಥ ಒಬ್ಬನಿದ್ದಾನೆ. ಹಾಜರಿ ಪುಸ್ತಕದ ಅನುಕ್ರಮದಲ್ಲಿ ಎಲ್ಲರ ಹೆಸರು ಹೇಳಬಲ್ಲ. ಯಾರ ಮನೆಯಲ್ಲಿ ಕಾರ್ಯ, ಯಾರ ಮನೆಯಲ್ಲಿ ಸೂತಕ ಎಂಬುದನ್ನು ಮೊದಲು ತಿಳಿಸುವವನು ಅವನೇ. ತಿಂಗಳುಗಟ್ಟಲೆ ಸುಮ್ಮನಿದ್ದವರಿಗೆ “ಎಂತ ಮಾರಾಯ, ಪತ್ತೆನೇ ಇಲ್ಲ” ಎಂದು ಫೋನು ಮಾಡುವವನೂ ಅವನೇ. ಅವನ ಸ್ವಂತ ಸಮಾಚಾರ ಗುಂಪಿನಲ್ಲಿ ದಾಖಲಾದದ್ದಿಲ್ಲ, ಯಾರೂ ಕೇಳಿದ್ದೂ ಇಲ್ಲ.

ಶಿಫಾರಸು: ಮುಂದಿನ ಪುನರ್ಮಿಲನದಲ್ಲಿ ಗುರುವಂದನೆಯಾದ ಕೂಡಲೇ ಕುಬ್ಜವಂದನೆ ನಡೆಯತಕ್ಕದ್ದು. ಶಾಲು, ಹಾರ, ಹಣ್ಣಿನ ಬುಟ್ಟಿಯ ಖರ್ಚನ್ನು ಹಾಜರಿರುವ ಮಯೂರರೆಲ್ಲ ಸಮನಾಗಿ ಭರಿಸತಕ್ಕದ್ದು. ಲೆಕ್ಕ ಬರೆಯುವ ಕೆಲಸವನ್ನು ಅಂದು ಒಂದು ದಿನ ಅವನಿಗೆ ವಹಿಸಕೂಡದು.